ಊಟದ ಪ್ರಾರ್ಥನೆಗೆ ಕಣ್ಣು ತೆರೆದವಳು

ಚಿಕ್ಕಂದಿನಲ್ಲಿ ಊಟದ ಪ್ರಾರ್ಥನೆ ಎಂದರೆ ನನಗೆ ಒಂದು ವಾಸನೆ. ಚಾಮರಾಜಪೇಟೆಯ ನಮ್ಮ ಮಿಷನ್ ಶಾಲೆಯಲ್ಲಿ ಮೊದಲು ಡಬ್ಬಿಗಳ ಮುಚ್ಚಳ ತೆಗೆಸಿ, ಆಮೇಲೆ ಕಣ್ಣು ಮುಚ್ಚಿಸುತ್ತಿದ್ದರು. ಒಬ್ಬಳ ಅವರೆಕಾಳು ಹುಳಿ, ಇನ್ನೊಬ್ಬಳ ಒಣಮೀನು, ಪಕ್ಕದವಳ ಮಾವಿನ ಉಪ್ಪಿನಕಾಯಿ, ಎಲ್ಲ ಒಟ್ಟಿಗೆ ಮೂಗಿಗೆ ಬರುತ್ತಿತ್ತು. 'ಆಮೆನ್' ಅನ್ನುವವರೆಗೆ ಕಣ್ಣು ತೆರೆಯುವ ಹಾಗಿರಲಿಲ್ಲ. ನನಗೀಗ ಎಪ್ಪತ್ತಮೂರು. ಆ ಅಭ್ಯಾಸ ಇನ್ನೂ ಹೋಗಿಲ್ಲ.

ಅದೇ ಶಾಲೆಯ ಹಿಂಬದಿಯಲ್ಲಿ ಶಿಕ್ಷಕರ ತರಬೇತಿ ನಡೆಯುತ್ತದೆ. ಅಲ್ಲಿ ಮೂವತ್ತೆರಡು ವರ್ಷ ಪಾಠ ಹೇಳಿ ನಿವೃತ್ತಳಾದವಳು ನಾನು. ಆದರೂ ತರಬೇತಿಯ ವಿದ್ಯಾರ್ಥಿಗಳು ಮಾಡುವ ಪಾಠ ನೋಡಿ ಅಂಕ ಹಾಕಲು ಜನ ಸಿಗುವುದಿಲ್ಲವೆಂದು ಪ್ರಿನ್ಸಿಪಾಲ್ ಧರ್ಮರಾಜು ನನ್ನನ್ನು ಕರೆಸುತ್ತಾರೆ. ಆ ಶುಕ್ರವಾರ ಬೆಳಗಿನಿಂದ ನಾಲ್ಕು ಪಾಠ ನೋಡಿದ್ದೆ. ಮೊಣಕಾಲು ಊದಿತ್ತು. ನಾಲ್ಕನೆಯದು ಲಾವಣ್ಯಾಳದು.

ಲಾವಣ್ಯಾ ಬಿನ್ನಿಪೇಟೆಯ ತರಕಾರಿ ವ್ಯಾಪಾರಿಯ ಮಗಳು. ಮೊದಲೆರಡು ಪಾಠಗಳಲ್ಲಿ ಹೆದರಿ ತಡವರಿಸಿದ್ದಳು. ಇದು ಕೊನೆಯದು. ಪಾಸಾದರೆ ಜೂನ್‌ನಿಂದ ಇದೇ ಶಾಲೆಯಲ್ಲಿ ಕೆಲಸ, ಇಲ್ಲದಿದ್ದರೆ ಇನ್ನೊಂದು ವರ್ಷ ಕಾಯಬೇಕು.

ಎರಡನೇ ತರಗತಿ. ಮನೆಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು, ಹಿಂದಿ ಆಡುವ ಮಕ್ಕಳು, ಜೊತೆಗೆ ತಿಂಗಳ ಹಿಂದೆ ಸೇರಿದ ನೇಪಾಳಿ ಹುಡುಗಿ ಯಮುನಾ. ಲಾವಣ್ಯಾ ಮೇಜಿನ ಮೇಲೆ ತರಕಾರಿ ಹರಡಿ, ಪ್ರತಿಯೊಂದರ ಹೆಸರನ್ನೂ ಮಕ್ಕಳ ಮನೆಮಾತಿನಲ್ಲಿ ಹೇಳಿಸಿ, ಆಮೇಲೆ ಕನ್ನಡದಲ್ಲಿ ಹೇಳಿಕೊಟ್ಟಳು. ಯಮುನಾ ಬಾಯಿ ಬಿಡಲಿಲ್ಲ. ಲಾವಣ್ಯಾ ಒತ್ತಾಯ ಮಾಡದೆ ಅವಳ ಕೈಗೊಂದು ಮೂಲಂಗಿ ಕೊಟ್ಟು ಮುಂದೆ ಹೋದಳು.

ಊಟದ ಗಂಟೆ ಹೊಡೆಯಿತು. ಡಬ್ಬಿಗಳು ತೆರೆದವು, ಮಕ್ಕಳು ಕೈ ಜೋಡಿಸಿ ಹಾಡತೊಡಗಿದರು. ನಡುವೆ ಮೊಣಕಾಲು ಚುಳುಕ್ಕೆಂದು ನನ್ನ ಕಣ್ಣು ತೆರೆದುಕೊಂಡಿತು. ಲಾವಣ್ಯಾ ಬಾಗಿಲಿಗೆ ಅಡ್ಡವಾಗಿ ನಿಂತಿದ್ದಳು. ಕೈ ಜೋಡಿಸಿರಲಿಲ್ಲ. ಕಣ್ಣು ಮುಚ್ಚಿರಲಿಲ್ಲ.

ದಣಿದಾಗ ನಿಯಮದಂತೆ ನಡೆದುಬಿಡುವುದು ಸುಲಭ. ಅಂಕದ ಹಾಳೆಯಲ್ಲಿ 'ಪ್ರಾರ್ಥನೆಯಲ್ಲಿ ಮಕ್ಕಳ ಜೊತೆಗೂಡುವುದು' ಎಂಬ ಸಾಲಿಗೆ ಹತ್ತು ಅಂಕ. ಶಾಯಿಯಲ್ಲಿ ಸೊನ್ನೆ ಬರೆದೆ. ಅಷ್ಟರಿಂದಲೇ ಹುಡುಗಿ ಫೇಲಾದಳು.

ಸ್ಟಾಫ್ ರೂಮಿನಲ್ಲಿ ಆಯಾ ಲಕ್ಕಮ್ಮ ನೀರು ತಂದಿಟ್ಟಳು. "ಯಾಕಮ್ಮಾವ್ರೇ, ಮುಖ ಹಿಂಗಾಗಿದೆ? ಊಟ ತಂದಿಲ್ವಾ?"

"ತರೋಕೆ ಆಗ್ಲಿಲ್ಲ. ಆ ಲಾವಣ್ಯಾ ಪ್ರಾರ್ಥನೆಗೆ ಕಣ್ಣೇ ಮುಚ್ಲಿಲ್ವಲ್ಲ, ಲಕ್ಕಮ್ಮ. ನಮ್ಮ ಮತದವಳಲ್ಲ, ಸರಿ. ಮಕ್ಕಳ ಮುಂದಾದ್ರೂ..."

ಲಕ್ಕಮ್ಮ ನಕ್ಕುಬಿಟ್ಟಳು. "ಅವಳು ಕಣ್ಣು ಮುಚ್ಚಿದ್ರೆ ಕೆಟ್ಟೋಯ್ತು! ಆ ನೇಪಾಳಿ ಕೂಸು ನೀವೆಲ್ಲ ಕಣ್ಣು ಮುಚ್ಚೋದನ್ನೇ ಕಾಯ್ತಿರತ್ತೆ. ಡಬ್ಬಿ ಎತ್ಕೊಂಡು ಒಂದೇ ಓಟ, ಅವರಪ್ಪನ ಹತ್ರ. ಆಯಪ್ಪ ಎದುರು ಬಿಲ್ಡಿಂಗಲ್ಲಿ ವಾಚ್‌ಮನ್ನು. ಡಬ್ಬಿ ತರೋರಿಗೆ ಅಂತ ಗೇಟು ತೆಗೆದೇ ಇರತ್ತಲ್ಲ. ಹೋದ್ವಾರ ಎರಡು ಸಲ ರೋಡಿಗೆ ಹೋಗಿತ್ತು. ಬಸ್ಸು ಬರೋ ರೋಡು! ಎರಡು ಸಲಾನೂ ಈ ಹುಡುಗೀನೇ ಹಿಡ್ಕೊಂಡು ಬಂದ್ಲು."

"ಯಾರಿಗೂ ಹೇಳ್ಲಿಲ್ವಲ್ಲ?"

"ಹೇಳಿದ್ರೆ ಮಗೂನ ಶಾಲೆ ಬಿಡಿಸ್ತಾರೆ ಅಂತ ಭಯ ಅವಳಿಗೆ. ನಾನೂ ಬಾಯಿ ಮುಚ್ಕೊಂಡಿದ್ದೆ."

ಕೋಲೂರಿಕೊಂಡು ಹೊರಗೆ ಬಂದೆ. ಜಗಲಿಯ ತುದಿಯಲ್ಲಿ ಲಾವಣ್ಯಾ ಮತ್ತು ಯಮುನಾ ಊಟಕ್ಕೆ ಕೂತಿದ್ದರು. ರಸ್ತೆಯಾಚೆ ಸಮವಸ್ತ್ರ ತೊಟ್ಟ ಒಬ್ಬ ಗಂಡಸು ಕೈ ಎತ್ತಿದ. ಮಗುವೂ ತುತ್ತು ಹಿಡಿದ ಕೈಯನ್ನೇ ಎತ್ತಿತು.

"ಇಲ್ಲಿಂದ ಅವರಪ್ಪ ಕಾಣಿಸ್ತಾರೆ ಮೇಡಂ," ಲಾವಣ್ಯಾ ಎದ್ದು ನಿಂತಳು. "ಕಾಣಿಸ್ತಿದ್ರೆ ಓಡಲ್ಲ. ಪ್ರಾರ್ಥನೆ ಮುಗಿಯೋವರೆಗೆ ತಡೆದ್ರೆ ಸಾಕು."

"ನನಗೆ ಹೇಳಬಾರದಿತ್ತೇನಮ್ಮ?"

"ನೀವು ಕಣ್ಣು ಮುಚ್ಕೊಂಡಿದ್ರಿ. ಹೇಗೆ ಕೂಗೋದು?"

ಬೇರೆ ಭಾಷೆಯ ಮಗು ಬಾಗಿಲಿಗೆ ಬಂದರೆ ಕ್ರಿಸ್ತನೇ ಕಳಿಸಿದ ಅತಿಥಿ ಎಂದು ತಿಳಿಯಿರಿ ಅಂತ ತರಬೇತಿಯ ಪ್ರತಿ ತಂಡಕ್ಕೂ ಹೇಳಿದ್ದೆ. ಆ ಮಗು ಬಾಗಿಲು ದಾಟಿ ಹೋಗುತ್ತಿದ್ದರೆ ಏನು ಮಾಡಬೇಕು ಎಂದು ಹೇಳಿದ ನೆನಪಿಲ್ಲ. ಅಂಕದ ಹಾಳೆಯ ಆ ಸಾಲನ್ನು ಬರೆದದ್ದೂ ನಾನೇ.

ಶಾಯಿಯಲ್ಲಿ ಬರೆದ ಅಂಕ ತಿದ್ದಲು ಕಾರಣ ಬರೆದು ಪ್ರಿನ್ಸಿಪಾಲರ ಸಹಿ ಪಡೆಯಬೇಕು. ಧರ್ಮರಾಜು ನನ್ನ ಮಾತೆಲ್ಲ ಕೇಳಿ ಮೀಸೆಯಲ್ಲೇ ನಕ್ಕರು. "ಅವಳ ಕಣ್ಣು ತೆರೆದಿತ್ತು ಅಂತ ನಿಮಗೆ ಹೇಗೆ ಕಾಣಿಸ್ತು ಮೇಡಂ?"

"ಅದನ್ನೂ ಬರೀತೀನಿ, ಪೆನ್ನು ಕೊಡಿ."

'ತಪ್ಪು ನನ್ನದು. ಪ್ರಾರ್ಥನೆಯ ನಡುವೆ ನಾನೂ ಕಣ್ಣು ತೆರೆದೆ. ನಾವೆಲ್ಲ ಕಣ್ಣು ಮುಚ್ಚಿದ್ದಾಗ ಈಕೆ ಮಗುವನ್ನು ಕಾಯುತ್ತಿದ್ದಳು. ಹತ್ತಕ್ಕೆ ಹತ್ತು' ಎಂದು ಬರೆದೆ. ಅವರು ಓದಿದರು. ಮತ್ತೆ ನಗಲಿಲ್ಲ. ಸಹಿ ಹಾಕಿ, "ಸೋಮವಾರದಿಂದ ಗೇಟಿಗೆ ಒಬ್ಬರನ್ನ ನಿಲ್ಲಿಸ್ತೀನಿ," ಅಂದರು.

"ನಿಲ್ಲಿಸಿ. ಆದ್ರೆ ಮಗು ಜಗಲೀಲಿ ಕೂರೋದನ್ನ ತಪ್ಪಿಸ್ಬೇಡಿ."

ಮತ್ತೆ ಜಗಲಿಗೆ ಬಂದೆ. ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಸೊನ್ನೆಯ ಸುದ್ದಿಯೂ ಹತ್ತರ ಸುದ್ದಿಯೂ ಲಾವಣ್ಯಾಳಿಗೆ ಗೊತ್ತಿರಲಿಲ್ಲ. ಹಸಿದು ಬಾಡಿದ್ದ ನನ್ನ ಮುಖವನ್ನು ಒಮ್ಮೆ ನೋಡಿದಳು. ಗಂಟೆ ಹೊಡೆಯಿತು. ಅವಳ ಡಬ್ಬಿಯ ಒಂದು ಪಾಲು ಚಿತ್ರಾನ್ನ ಮುಟ್ಟದೆ ಹಾಗೇ ಇತ್ತು. ಚಮಚವನ್ನು ನಲ್ಲಿಯಲ್ಲಿ ತೊಳೆದು ತಂದು, ಡಬ್ಬಿಯನ್ನು ನನ್ನ ಕೈಗಿಟ್ಟು, ಯಮುನಾಳ ಕೈಹಿಡಿದು ತರಗತಿಗೆ ಹೋದಳು.