ಮೇಲೇರದ ಎಣ್ಣೆ

“ನೂರಾ ಹತ್ತು, ನೂರಾ ಹನ್ನೊಂದು...”

ಉಮಾಶ್ರೀ ಎರಡೂ ಕೈಯಿಂದ ಹಳೆಯ ಟ್ರ್ಯಾಕ್ಟರಿನ ಹ್ಯಾಂಡಲ್ ತಿರುವುತ್ತಲೇ ಇದ್ದಳು. ಡೀಸೆಲ್ ಬಂದ್ ಮಾಡಿದ್ದರಿಂದ ಎಂಜಿನ್ ಹೊತ್ತಿಕೊಳ್ಳುವ ಮಾತಿರಲಿಲ್ಲ. ಅವಳಿಗೆ ಬೇಕಾಗಿದ್ದು ಸದ್ದಲ್ಲ, ಎಣ್ಣೆ. ಅಡಿಯ ತೊಟ್ಟಿಯಲ್ಲಿ ತುಂಬಿಸಿದ ಎಂಜಿನ್ ಆಯಿಲ್ ಒಳದಾರಿಗಳಲ್ಲಿ ಹತ್ತಿ, ಮುಚ್ಚಳ ತೆಗೆದಿಟ್ಟ ಎಂಜಿನ್ನಿನ ನೆತ್ತಿಯ ಮೇಲೆ ಒಂದು ಹನಿಯಾದರೂ ಕಾಣಿಸಬೇಕಿತ್ತು.

“ಏನವಾ, ಅಮಾಸಿ ಮುಗಿಯೂತನಾ ತಿರುವಾಕಿ ಏನ?” ಎಂದ ಕಾಕಾ ಕೊಟ್ರೇಶ. ಅವನ ಕೈಯಲ್ಲಿ, ಎಂಜಿನ್ ಚಾಲೂ ಆದೊಡನೆ ಒಡೆಯಬೇಕಾದ ತೆಂಗಿನಕಾಯಿ ಇತ್ತು. ಚಿಕ್ಕನರಗುಂದದ ಅರ್ಧ ಓಣಿ ಅಂಗಳದಲ್ಲಿ ಮಂಡಕ್ಕಿ ತಿನ್ನುತ್ತ ಕೂತಿತ್ತು.

“ಎಣ್ಣಿ ಏರವಲ್ದು ಕಾಕಾ.”

“ಒಮ್ಮೆ ಓಡಿದ್ರ ತಾನ ಎಳಕೊಂತೈತಿ ತಗೋ.”

ಎಳೆದುಕೊಳ್ಳದಿದ್ದರೆ? ಎಣ್ಣೆಯಿಲ್ಲದೆ ಒಣಗಿದ ಕ್ರ್ಯಾಂಕ್ ದಂಡ ಅರೆನಿಮಿಷ ಬಿರುಸಾಗಿ ತಿರುಗಿದರೂ ಸಾಕು, ಬೇರಿಂಗ್ ಸುಟ್ಟುಹೋಗುತ್ತದೆ. ಅರವತ್ತು ವರ್ಷ ಹಿಂದಿನ ಆ ಅಳತೆಯ ಬೇರಿಂಗನ್ನು ಈಗ ಯಾರೂ ಮಾಡುವುದಿಲ್ಲ. ಎರಡು ವರ್ಷ ಹುಡುಕಿ, ಹುಬ್ಬಳ್ಳಿಯ ಗುಜರಿ ಅಂಗಡಿಯೊಂದರಲ್ಲಿ ಮೇಣದ ಕಾಗದ ಸುತ್ತಿದ ಒಂದೇ ಒಂದು ಸೆಟ್ ಅವಳಿಗೆ ಸಿಕ್ಕಿತ್ತು. ಅಜ್ಜ ತಂದ ಈ ಟ್ರ್ಯಾಕ್ಟರ್ ಅವಳು ಹುಟ್ಟುವ ಮೊದಲೇ ನಿಂತದ್ದು. ಅದರ ದನಿ ಹೇಗಿತ್ತೆಂದು ಕೇಳಿದರೆ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ತರಹ ಬಾಯಿಂದ ಬಾರಿಸಿ ತೋರಿಸುತ್ತಿದ್ದರು. ನಿಜವಾದದ್ದು ಯಾವುದು ಎಂಬ ಕುತೂಹಲವೇ ಅವಳನ್ನು ಇಲ್ಲಿಯವರೆಗೆ ಎಳೆದು ತಂದಿತ್ತು.

ಎಣ್ಣೆ ಮೇಲೆತ್ತುವ ಪಂಪಿನ ಹಲ್ಲುಗಳ ನಡುವೆ ಗಾಳಿ ನಿಲ್ಲಬಾರದೆಂದು ತಾನೇ ವ್ಯಾಸಲಿನ್ ತುಂಬಿದ್ದಳು. ಆಯಿಲ್ ಮಟ್ಟ ಸರಿ ಇತ್ತು. ಹಾಗಾದರೆ?

ಅವಳು ಮಲಗಿ ಕೆಳಗೆ ತೂರಿ, ತೊಟ್ಟಿಯ ಬಿರಡೆ ಸಡಿಲಿಸಿ, ಒಂದು ಲೋಟ ಆಯಿಲ್ ಹಿಡಿದು ಬಿರಡೆ ಬಿಗಿದಳು. ಬಿಸಿಲಿಗೆ ಹಿಡಿದಳು. ಮೂಸಿದಳು. ಎಂಜಿನ್ ಆಯಿಲ್ ವಾಸನೆಯ ಬೆನ್ನಿಗೆ ಇನ್ನೊಂದು, ಪರಿಚಯದ್ದೇ ವಾಸನೆ. ಔಡಲೆಣ್ಣೆ, ಚಕ್ಕಡಿಯ ಅಚ್ಚಿಗೆ ಹಚ್ಚುವ ಹರಳೆಣ್ಣೆ. ಬೆರಳಿಗೆ ಬಿಳಿ ನೂಲಿನ ಎಳೆಯೊಂದು ಅಂಟಿತು.

ನಿನ್ನೆ ಅವಳು ತೊಟ್ಟಿ ಬಿಚ್ಚಿಟ್ಟು, ಅದರ ಅಂಚಿಗೆ ಕೂರಿಸುವ ಪ್ಯಾಕಿಂಗ್ ತರಲು ನರೇಗಲ್ಲಿಗೆ ಹೋದಾಗ ಎಂಜಿನ್ ಹತ್ತಿರ ಇದ್ದವನು ಒಬ್ಬನೇ, ಊರಿನ ಚಕ್ಕಡಿಗಳನ್ನೆಲ್ಲ ರಿಪೇರಿ ಮಾಡುತ್ತಿದ್ದ ಮುದುಕ ದ್ಯಾಮಪ್ಪ.

“ಅಜ್ಜಾರ, ಇದರಾಗ ಏನರ ಇಟ್ಟೀರೇನ್ರಿ?”

“ಇಟ್ಟೇನಿ ಮತ್ತ!” ದ್ಯಾಮಪ್ಪ ಮಂಡಕ್ಕಿ ಅಗಿಯುತ್ತ ಹಿಗ್ಗಿನಿಂದ ಹೇಳಿದ. “ಚಕ್ಕಡಿ ಅಚ್ಚಿಗೆ ಎಣ್ಣಿ ಅರಿವಿ ಸುತ್ತೂದಿಲ್ಲೇನು? ಅದು ಎಣ್ಣಿ ಹಿಡದ ಇಟ್ಟಕೊಂತೈತಿ, ಅಚ್ಚು ಒಣಗಂಗಿಲ್ಲ. ನೀ ಭಾಳ ಕಲತಾಕಿ, ಇದನ್ನ ಮರತಿದ್ದಿ. ಕೆಳಗಿನ ಜಾಳಗಿ ಬಾಯಿಗೆ ಒಂದ ಚೂರ ಅರಿವಿ ನೆನಸಿ ತುರಕೀನಿ.”

ಪಂಪು ಎಣ್ಣೆ ಹೀರುವುದೇ ಆ ಜಾಳಿಗೆಯಿಂದ. ಉಮಾಶ್ರೀಗೆ ಸಿಟ್ಟು ಬರಲಿಲ್ಲ; ಮುದುಕನ ಲೆಕ್ಕಾಚಾರ ತಪ್ಪಲ್ಲ, ಜಾಗ ತಪ್ಪು ಅನ್ನಿಸಿತು.

“ತೊಟ್ಟಿ ಪೂರಾ ಇಳಸಿ, ಮತ್ತ ಹೊಸಾ ಪ್ಯಾಕಿಂಗ್ ತಂದ ಹಾಕಬೇಕು ಕಾಕಾ. ಎರಡ ದಿನಾ ಬೇಕು.”

“ಎರಡ ದಿನಾ? ಇಷ್ಟ ಮಂದೀನ ಕರದೇನಿ!” ಕೊಟ್ರೇಶ ತಗ್ಗಿದ ದನಿಯಲ್ಲಿ ಅವಳ ಹತ್ತಿರ ಬಂದ. “ಒಂದ ಚೂರ ಅರಿವಿ ಏನ ಮಾಡತೈತಿ? ಬರೇ ಒಂದ ನಿಮಿಷ ಓಡಸೂಣು. ಅದರ ದನಿ ಕೇಳಬೇಕು ಕೇಳಬೇಕು ಅಂತಿದ್ದಿಲ್ಲೋ, ಕೇಳು. ನಾ ಮುಟ್ಟೂದಿಲ್ಲ, ಮೊದಲ ಚಾಲೂ ನಿನ್ನ ಕೈಲೇ ಆಗಲಿ. ಬಾನೆಟ್ ಮ್ಯಾಲೆ ನಿಮ್ಮಜ್ಜನ ಹೆಸರಿನ ಕೆಳಗ ನಿನ್ನ ಹೆಸರ ಬರಸ್ತೇನಿ.”

ಅವನು ಡೀಸೆಲ್ ನಳ ತೆರೆದು, ಹ್ಯಾಂಡಲ್ ಅವಳ ಮುಂದೆ ಚಾಚಿದ. ಅಂಗಳದ ಮಂದಿ ಅಗಿಯುವುದನ್ನು ನಿಲ್ಲಿಸಿದರು.

“ಒಲ್ಲೆ,” ಎಂದಳು ಉಮಾಶ್ರೀ.