ಪಟ್ಟದ ರಾಜನ ಕತ್ತಿನ ಪಟ್ಟಿ

ಇದು ನಿಜವಾಗಿಯೂ ನಡೆದದ್ದು. ಹಲ್ಲಿನ ವಿಷಯದಲ್ಲಿ ಹಲ್ಲು ಕಿರಿದು ಸುಳ್ಳು ಹೇಳಿದರೆ ದಕ್ಕುವುದಿಲ್ಲ. ನಂಬದವರು ಜಯನಗರದ ಗೌರಮ್ಮನವರ ಮನೆಯಲ್ಲಿ ವಿಚಾರಿಸಬಹುದು.

ಏಳನೇ ಕ್ಲಾಸಿನ ಇಂಚರಳ ಮೇಲಿನ ಹಲ್ಲುಗಳು ಕೆಳಗಿನವನ್ನು ಹಿಂದೆ ಬಿಟ್ಟು ಬಹಳ ಮುಂದೆ ಬಂದಿದ್ದವು. ಡಾಕ್ಟರ್ ಹೇಮಶ್ರೀ ಅವಳಿಗೆ ಹೆಡ್‌ಗೇರ್ ಹಾಕಿದ್ದರು: ಬಾಯಿಂದ ಹೊರಬಂದು ಎರಡೂ ಕೆನ್ನೆಯ ಪಕ್ಕ ಬಾಗುವ ತಂತಿ, ಅದನ್ನು ಹಿಂದಕ್ಕೆ ಎಳೆಯಲು ಕತ್ತಿನ ಹಿಂದೊಂದು ನೀಲಿ ಪಟ್ಟಿ. ಊಟದ ಹೊತ್ತು ಬಿಟ್ಟರೆ ಸಂಜೆಯಿಂದ ಬೆಳಗಿನವರೆಗೂ ಬಿಚ್ಚುವಂತಿಲ್ಲ. "ಬೆಳೆಯೋ ವಯಸ್ಸಲ್ಲೇ ಇದು ಕೆಲಸ ಮಾಡೋದು. ಈಗ ತಪ್ಪಿಸಿದ್ರೆ ಮುಂದೆ ಆಪರೇಷನ್‌ವರೆಗೂ ಹೋಗ್ಬಹುದು," ಎಂದು ಡಾಕ್ಟರ್ ಎಚ್ಚರಿಸಿದ್ದರು. ಆದರೂ ಮದುವೆ, ನಾಮಕರಣ ಎಂದು ಅಮ್ಮ ಬಿಚ್ಚಿಸುತ್ತಲೇ ಬಂದಿದ್ದಳು. ಹಲ್ಲು ಜಪ್ಪಯ್ಯ ಅಂದರೂ ಸರಿದಿರಲಿಲ್ಲ.

ನವರಾತ್ರಿಯ ಮೊದಲ ಸಂಜೆ ಇಟ್ಟಮಡುವಿನ ತಮ್ಮ ಮನೆ ಮುಂದೆ ಆಟೋ ಹತ್ತುವಾಗ ಅಮ್ಮ ಸತ್ಯಭಾಮಾ ಮತ್ತೆ ಶುರುಮಾಡಿದಳು.

"ಅಜ್ಜಿ ಮನೆಗೆ ಬೀದಿಯೋರೆಲ್ಲ ಗೊಂಬೆ ನೋಡಕ್ಕೆ ಬರ್ತಾರೆ ಕಣೆ. ಇವತ್ತೊಂದಿನ ಬಿಚ್ಚು."

"ಮದ್ವೇಲೂ ಇವತ್ತೊಂದಿನ ಅಂದೆ. ಹಲ್ಲು ನಂದು, ಬಿಚ್ಚಲ್ಲ."

"ಹಾಡು ಹೇಳು ಅಂತಾರೆ."

"ಹೇಳ್ತೀನಿ. ತಂತಿವಾದ್ಯ ಜೊತೇಲೇ ಇದೆಯಲ್ಲ."

ಅಜ್ಜಿ ಗೌರಮ್ಮನ ಮನೆಯಲ್ಲಿ ಪ್ರತಿವರ್ಷ ಗೊಂಬೆ ಕೂರಿಸುವವನು ಸೀನು ಮಾಮ. ಬಸ್ ಕಂಡಕ್ಟರ್, ಪುರೋಹಿತರು, ಕುಕ್ಕರ್, ಯಾರ ದನಿಯನ್ನೂ ಅಣಕಿಸದೆ ಬಿಟ್ಟವನಲ್ಲ. ಇಂಚರ ಒಳಗೆ ಕಾಲಿಟ್ಟಾಗ ಆರತಿ ಮುಗಿದಿತ್ತು. ಗೊಂಬೆಗಳ ಮೇಲಿನ ಮೆಟ್ಟಿಲಲ್ಲಿ ಪಟ್ಟದ ರಾಜ ಬಾಯಿಗೆ ತಂತಿ, ತಲೆಗೆ ನೀಲಿ ಪಟ್ಟಿ ಬಿಗಿದುಕೊಂಡು ನಿಂತಿದ್ದ. ಪರದೆಯ ಹಿಂದಿನಿಂದ, ತಂತಿ ಹಾಕಿದಾಗ 'ಸ' ತೊದಲುವ ಅವಳದೇ ದನಿ ಕೇಳಿಸಿತು:

"ಪ್ರಜೆಗಳೇ, ಥಿಂಹಾಥನ ನನ್ ಮಾತು ಕೇಳತ್ತೆ. ಹಲ್ಲು ಕೇಳ್ತಿಲ್ಲ."

ಹಜಾರವೆಲ್ಲ ನಕ್ಕಿತು. ಇಂಚರಳ ಕೈ ತಾನಾಗಿ ಪಟ್ಟಿಯ ಕೊಕ್ಕೆಗೆ ಹೋಯಿತು. "ಬಿಚ್ಚಿಬಿಡೇ," ಅಮ್ಮ ಪಿಸುಗುಟ್ಟಿದಳು.

ಆ ಮಾತೇ ಸಾಕಾಯಿತು. ಕೈ ಕೆಳಗಿಳಿಸಿ ಅವಳು ನೇರ ಗೊಂಬೆಗಳ ಮುಂದೆ ಹೋಗಿ ನಿಂತಳು.

"ಮಾಮ, ಪಟ್ಟಿ ಕಿವಿ ಮೇಲೆ ಹಾಕಿದ್ದೀಯ. ಕತ್ತಿನ ಹಿಂದೆ ಬರ್ಬೇಕು. ಹೀಗೆ ಎಳೆದ್ರೆ ಹಲ್ಲು ಹಿಂದೆ ಹೋಗಲ್ಲ, ಕಿರೀಟ ಹೋಗತ್ತೆ."

ಈ ಸಲದ ನಗು ಬೇರೆ ಕಡೆ ತಿರುಗಿತು. ಪೆಚ್ಚಾದ ಸೀನು ಹೊರಬಂದು ರಾಜನ ತಂತಿಗೆ ಕೈಹಾಕಿದ.

"ಕೈ ತೆಗಿ," ಎಂದರು ಅಜ್ಜಿ. "ಆರತಿ ಆದ್ಮೇಲೆ ಗೊಂಬೆ ಮೈಮೇಲಿಂದ ದಶಮಿವರೆಗೂ ಏನೂ ತೆಗೆಯಂಗಿಲ್ಲ. ಮರ್ತೋಯ್ತಾ?"

"ಅಮ್ಮ, ತಮಾಷೆಗೆ ಹಾಕಿದ್ದು. ದಿನಾ ಜನ ಬಂದು ಏನಿದು ಅಂತ ಕೇಳಿದ್ರೆ?"

"ಹಾಕಿದೋನೇ ದಿನಾ ಇಲ್ಲಿ ಕೂತು ಹೇಳ್ತಾನೆ."

ಇಂಚರ ಜಮಖಾನದ ಮೇಲೆ ಕೂತು, ತಂತಿ ಸಮೇತ ಒಂದು ದೇವರನಾಮ ಹೇಳಿದಳು. 'ಸ' ಬಂದಲ್ಲೆಲ್ಲ 'ಥ' ಬಂತು. ಅವಳು ಒಂದು ಸಾಲನ್ನೂ ನುಂಗಲಿಲ್ಲ. ಕೋಸಂಬರಿ ಬಂದಾಗ ಮಾತ್ರ ತಾನೇ ಬಿಚ್ಚಿ, ತಿಂದು, ತಾನೇ ಹಾಕಿಕೊಂಡಳು. ಕೊಕ್ಕೆ ಸರಿಯಾಗಿ ಕೂತಿದೆಯೇ ಎಂದು ಅಮ್ಮ ಹಿಂದಿನಿಂದ ಮುಟ್ಟಿ ನೋಡಿದಳು.

ಅಷ್ಟರಲ್ಲಿ ಪಕ್ಕದ ಮನೆಯ ಗೋವಿಂದಮ್ಮ ಬಂದರು. "ಏನಪ್ಪಾ ಸೀನು, ರಾಜನಿಗೆ ಏನಾಯ್ತು?"

ಸೀನು ಗಂಟಲು ಸರಿಮಾಡಿಕೊಂಡ. ಯಾರ ಅಣಕವೂ ಇಲ್ಲದೆ ಅವನ ಸ್ವಂತ ದನಿ ಹೊರಬಂತು. "ಆಂಟಿ, ಮೇಲಿನ ಹಲ್ಲು ಮುಂದೆ ಬಂದಿದ್ರೆ, ಬೆಳೆಯೋ ವಯಸ್ಸಲ್ಲೇ..."

ಗೋವಿಂದಮ್ಮ ಅವನ ಬಾಯನ್ನೇ ನೋಡಿದರು. ಮುಂದೆ ಬಂದಿದ್ದ ಅವನ ಹಲ್ಲುಗಳೂ ಅದೇ ವಂಶದವು. "ನಿಂಗ್ಯಾಕಪ್ಪ ಹಾಕಿಸ್ಲಿಲ್ಲ ಮತ್ತೆ?"

ಎಲ್ಲರಿಗಿಂತ ಜೋರಾಗಿ ನಕ್ಕವಳು ಇಂಚರ. ಕೆನ್ನೆಯ ತಂತಿಯೂ ಅವಳ ಜೊತೆ ಕುಣಿಯಿತು.