ಅರೆ ಡಾಕ್ಟರಿಗೆ ಬಂದ ಕಾಮಾಲೆ

ಹತ್ತೊಂಬತ್ತು ವರ್ಷ ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತು ನಿಂತು, ನಾನೇ ವೈದ್ಯನೆಂಬ ಭ್ರಮೆ ನನಗೆ ಅಂಟಿಕೊಂಡಿತ್ತು. ಬೀದಿಯವರು ‘ಅರೆ ಡಾಕ್ಟ್ರು’ ಎನ್ನುತ್ತಿದ್ದರು. ಅದರಲ್ಲಿನ ‘ಅರೆ’ ಮಾತ್ರ ನನ್ನ ಕಿವಿಗೆ ಬೀಳುತ್ತಿರಲಿಲ್ಲ.

ಹಾಗಾಗಿ ಊಟ ಸೇರದೆ, ಮೈಯೆಲ್ಲ ಸೋತು ಬಂದಾಗ ಯಾರನ್ನೂ ಕೇಳಲಿಲ್ಲ. ‘ಗ್ಯಾಸ್ಟ್ರಿಕ್’ ಎಂದು ತೀರ್ಪು ಕೊಟ್ಟುಕೊಂಡು ಮಾತ್ರೆ ನುಂಗಿದೆ. ಕೀಲುನೋವು ಬಂತು, ನೋವಿನ ಮಾತ್ರೆಯನ್ನೂ ಸೇರಿಸಿದೆ. ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿತು. ನೀರು ಸಾಲದಾಯಿತೆಂದು ಎರಡು ಲೋಟ ಹೆಚ್ಚು ಕುಡಿದೆ.

ಎಂಟನೆಯ ಬೆಳಿಗ್ಗೆ ಹೆಂಡತಿ ಕಿಟಕಿಯ ಬಳಿ ನನ್ನ ಗಲ್ಲ ಹಿಡಿದು ತಿರುಗಿಸಿದಳು. ಶಾಲೆಯಲ್ಲಿ ಲೆಕ್ಕ ಕಲಿಸುವವಳು. ತಪ್ಪು ಅವಳ ಕಣ್ಣು ತಪ್ಪಿಸುವುದಿಲ್ಲ.

“ಏನ್ರೀ ಇದು, ಕಣ್ಣೆಲ್ಲ ಹಳದಿ!”

“ಟ್ಯೂಬ್‌ಲೈಟಿಗೆ ಹಾಗೆ ಕಾಣುತ್ತೆ ಕಣೇ.”

“ಲೈಟೇ ಹಾಕಿಲ್ಲ. ಚಪ್ಪಲಿ ಮೆಟ್ಕೊಳ್ಳಿ.”

ಡಾಕ್ಟರಮ್ಮ ಬಲಪಕ್ಕೆಯ ಕೆಳಗೆ ಒತ್ತಿದಾಗ ನಾನು ಕೂಗಿದ್ದು ಹೊರಗಿನ ಸಾಲಿನವರಿಗೂ ಕೇಳಿಸಿತಂತೆ. ಮರುದಿನ ರಕ್ತಪರೀಕ್ಷೆಯ ವರದಿ ಬಂತು: ಹೆಪಟೈಟಿಸ್ ಬಿ. ನುಂಗಿದ ಮಾತ್ರೆಗಳ ಹೆಸರನ್ನು ನಾನು ತುಸು ಹೆಮ್ಮೆಯಿಂದಲೇ ಒಪ್ಪಿಸಿದೆ.

“ಲಿವರ್ ಊದ್ಕೊಂಡಿದೆ, ಅದರ ಮೇಲೆ ಇಷ್ಟೆಲ್ಲ ಹೇರಿದ್ದೀರಾ? ಎಲ್ಲ ನಿಲ್ಸಿ,” ಎಂದರು ಅವರು. “ಇದು ಹೊಸ ಸೋಂಕು. ದೊಡ್ಡೋರಲ್ಲಿ ಬಹಳಷ್ಟು ಜನಕ್ಕೆ ತಾನಾಗೇ ಹೋಗುತ್ತೆ. ಸುಧಾರಿಸ್ಕೊಳ್ಳಿ, ಚೆನ್ನಾಗಿ ಊಟ ಮಾಡಿ, ಆಗಾಗ ರಕ್ತ ಪರೀಕ್ಷೆ ಮಾಡಿಸಿ. ಆರು ತಿಂಗಳಾದ್ರೂ ಹೋಗದಿದ್ರೆ ಮುಂದಿನ ಚಿಕಿತ್ಸೆ ನೋಡೋಣ. ಅಲ್ಲ, ಲಸಿಕೆ ಹಾಕಿಸ್ಕೊಂಡಿರ್ಲಿಲ್ವಾ?”

ಉತ್ತರ ಹೆಂಡತಿ ಕೊಟ್ಟಳು: “ಇವ್ರ ಅಂಗಡಿ ಫ್ರಿಜ್ಜಲ್ಲೇ ಇರುತ್ತೆ ಮೇಡಂ. ಊರಿಗೆಲ್ಲ ಶಕುನ ಹೇಳೋ ಹಲ್ಲಿ ಬಚ್ಚಲಿಗೆ ಬಿತ್ತಂತೆ.”

ಮನೆಗೆ ಬಂದವನೇ ತಟ್ಟೆ, ಲೋಟ, ಟವೆಲ್ಲುಗಳನ್ನು ಬೇರೆ ಮಾಡಿಕೊಂಡು, ಸರ್ವಸಂಗ ಪರಿತ್ಯಾಗಿಯಂತೆ ಹಿಂದಿನ ಕೋಣೆ ಸೇರಿದೆ. ನಿಜ ಹೇಳಬೇಕೆಂದರೆ, ಅವಳ ಮುಖ ನೋಡಲು ಭಯ. ಡಾಕ್ಟರಮ್ಮ ಅವಳ ರಕ್ತವನ್ನೂ ಪರೀಕ್ಷೆಗೆ ಕಳಿಸಿದ್ದರು, ವರದಿ ಇನ್ನೂ ಬಂದಿರಲಿಲ್ಲ. ನನ್ನ ಉಡಾಫೆ ಅವಳಿಗೂ ಅಂಟಿದ್ದರೆ?

ಎರಡನೆಯ ಸಂಜೆ ಅವಳು ಎರಡು ತಟ್ಟೆ ಹಿಡಿದು ಒಳಗೆ ಬಂದು, ನನ್ನ ಪಕ್ಕದಲ್ಲೇ ಕುಳಿತಳು.

“ನನಗೆ ಬಂದಿಲ್ಲ. ಮೊದಲನೇ ಲಸಿಕೇನೂ ಹಾಕಿಸ್ಕೊಂಡೆ. ಜೊತೆಗೆ ಊಟ ಮಾಡಿದ್ರೆ ಇದು ಹರಡಲ್ಲ ಅಂತ ಡಾಕ್ಟರಮ್ಮ ಹೇಳಿದ್ದು ಕೇಳಿಸ್ಲಿಲ್ವಾ? ರಕ್ತದಿಂದ ಬರುತ್ತೆ. ಹಾಸಿಗೆ ಸುಖದಿಂದ್ಲೂ ಬರುತ್ತೆ. ಅದಕ್ಕೆ ಸ್ವಲ್ಪ ದಿನ ರಜ. ರೇಜರ್ ಬೇರೆ ಇಡಿ. ಈಗ ಉಣ್ಣಿ.”

ಉಂಡೆ. ಕಣ್ಣೊರೆಸಿಕೊಂಡಿದ್ದಕ್ಕೆ ಖಾರವೇ ಕಾರಣವೆಂದೆ. ಅವಳು ನಂಬಿದಂತೆ ನಟಿಸಿದಳು.

ಆರು ತಿಂಗಳಾದ ಮೇಲೆ ನನ್ನ ರಕ್ತದಲ್ಲಿ ವೈರಾಣು ಇಲ್ಲವೆಂಬ ವರದಿ ಬಂತು. ಅವತ್ತೇ ಅವಳಿಗೆ ಕೊನೆಯ ಲಸಿಕೆ. ಗಂಡನಾದವನು ಧೈರ್ಯ ತುಂಬಬೇಕಲ್ಲ ಎಂದು ಜೊತೆಗೆ ಹೋಗಿ ಕೈ ಹಿಡಿದೆ. ಸೂಜಿ ಚುಚ್ಚಿದ್ದು ಅವಳಿಗೆ. ತಲೆ ಸುತ್ತಿ ಬೆಂಚಿನ ಮೇಲೆ ಮಲಗಿದ್ದು ನಾನು.